ಡೌನ್‌ಪೈಪಿಗೆ ಹಿಡಿದ ಊದಿನಕಡ್ಡಿ

ಮಕ್ಕಳೇ, ಹೋದ ಸಲ ಗೊಟ್ಟಿಗೆರೆಯಿಂದ ಬಂದಾಗ ನೀವಿಬ್ಬರೂ ಕೇಳಿದಿರಿ, "ಅಜ್ಜಿ, ಮಾವನ ಜೊತೆ ಯಾಕೆ ಮಾತಾಡ್ತಿಲ್ಲ?" ನಾನು ಅನ್ನ ಬಡಿಸುತ್ತಾ ಸುಮ್ಮನಾದೆ. ಎದುರಿಗೆ ಕೂತವರಿಗೆ ಉತ್ತರ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಊರಿನ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ಪ್ರಶ್ನೆ ಕೇಳಿದರೆ ಬಾಯಿ ಒಣಗುತ್ತಿತ್ತು. ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಉತ್ತರ ಸರಿಯಿರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದು ಮುಗಿಸಬೇಕು. ಇಳಿದ ಮೇಲೆ ಬರೆದರೆ ನಿಮ್ಮ ಮಾವ, ನನ್ನ ಮಗ, ಮಾಡಿದ ತಪ್ಪು ಚಿಕ್ಕದಾಗಿ ಕಾಣಬಹುದು. ಅದು ಚಿಕ್ಕದಲ್ಲ.

ಉತ್ತರಹಳ್ಳಿ ರಸ್ತೆಯ ನಮ್ಮ ಸೈಲೆನ್ಸರ್ ಅಂಗಡಿ ನಿಮಗೆ ಗೊತ್ತು. ಮುಂದೆ ಕಾರು ನಿಲ್ಲುವ ಜಾಗ, ಅದರ ಹಿಂದೆ ನೀಲಿ ಟಾರ್ಪಾಲಿನ ಪರದೆ, ಪರದೆಯ ಹಿಂದೆ ಆರ್ಗಾನ್ ವೆಲ್ಡಿಂಗ್ ಮೆಷಿನ್ನು, ಅದರ ಹಿಂದೆ ನಮ್ಮ ಅಡಿಗೆಮನೆಯ ಬಾಗಿಲು. ಮುಂದೆ ನಿಮ್ಮ ಮಾವ ಕೆಲಸ ಮಾಡುತ್ತಾನೆ, ಹಿಂದೆ ನಾನು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲಿನಿಂದ ಪೆಡಲ್ ಒತ್ತುತ್ತಾ ಕೈಯಿಂದ ಬಟ್ಟೆ ತಳ್ಳಿದವಳಿಗೆ ಈ ಮೆಷಿನ್ನಿನ ಪೆಡಲ್ ಹೊಸದೆನಿಸಲಿಲ್ಲ. ನಿಮ್ಮ ತಾತ ಕಲಿಸಿದರು, ಕಲಿತೆ. ಗಿರಾಕಿಗಳಿಗೆ ನಿಮ್ಮ ಮಾವ "ನಮ್ಮ ವೆಲ್ಡರ್ ಒಳಗಿದ್ದಾರೆ" ಎನ್ನುತ್ತಾನೆ. ಒಳಗಿರುವುದು ತನ್ನ ತಾಯಿ ಎಂದು ಹೇಳುವುದಿಲ್ಲ. ಹೇಳಬೇಡ ಎಂದು ನಾನೇ ಕೇಳಿಕೊಂಡಿದ್ದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳುವುದಕ್ಕೂ ಹಿಂಜರಿಯುವವಳು ನಾನು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಯನಗರದಿಂದ ಒಂದು ಟರ್ಬೊ ಕಾರು ಬಂತು. ಕಾರಿನವನು ನಿಮ್ಮ ಮಾವನಿಗಿಂತ ಸ್ವಲ್ಪ ಚಿಕ್ಕವನು, ನಗುಮುಖದವನು. ಡಿಕ್ಕಿಯಿಂದ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ಟೀಲ್ ಪೈಪೊಂದನ್ನು ಮಗುವನ್ನು ಎತ್ತಿಕೊಂಡ ಹಾಗೆ ತೆಗೆದ.

"ಗುರು, ಇದು ಡೌನ್‌ಪೈಪು. ಆನ್‌ಲೈನಲ್ಲಿ ತರಿಸಿದ್ದು. ಹಳೇದು ಬಿಚ್ಚೋದು, ಇದನ್ನ ಹಾಕಿ ಬೋಲ್ಟ್ ಟೈಟ್ ಮಾಡೋದು, ಅಷ್ಟೇ. ವಿಡಿಯೋದಲ್ಲಿ ಒಬ್ಬ ಮನೆ ಮುಂದೆನೇ ಹಾಕ್ಬಿಟ್ಟ."

"ಆಗುತ್ತೆ ಸಾರ್, ಸಂಜೆಗೆ ಗಾಡಿ ತಗೊಂಡ್ಹೋಗಿ," ಅಂದ ನಿಮ್ಮ ಮಾವ. ಬಾನೆಟ್ ಇನ್ನೂ ತೆಗೆದಿರಲಿಲ್ಲ.

ಡೌನ್‌ಪೈಪ್ ಎಂದರೆ ಏನೆಂದು ಹೇಳುತ್ತೇನೆ. ಟರ್ಬೊ ಇರುವ ಇಂಜಿನ್ನಿನಲ್ಲಿ ಹೊರಗೆ ಹೋಗುವ ಹೊಗೆ ಸುಮ್ಮನೆ ಹೋಗುವುದಿಲ್ಲ. ಒಂದು ಪುಟ್ಟ ಚಕ್ರವನ್ನು ತಿರುಗಿಸಿ ಹೋಗುತ್ತದೆ. ಆ ಚಕ್ರ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಚಕ್ರದಿಂದ ಹೊರಬಿದ್ದ ಹೊಗೆ ಮೊದಲು ಇಳಿಯುವ ಪೈಪೇ ಡೌನ್‌ಪೈಪು. ಕಾರಿನ ಹೊಗೆ ಪೈಪಿನಲ್ಲೆಲ್ಲ ಅತಿ ಬಿಸಿಯಾಗುವ ಜಾಗ ಅದು. ಅದರ ಹಿಂದೆ ಒಂದು ತಗಡಿನ ಗೋಡೆ, ಗೋಡೆಯ ಆಚೆ ಕೂತವರ ಕಾಲು. ಕಂಪನಿಯ ಪೈಪು ಇಕ್ಕಟ್ಟಾಗಿರುತ್ತದೆ, ಅಗಲದ್ದು ಹಾಕಿದರೆ ಕಾರು ಚುರುಕಾಗುತ್ತದೆ ಎಂದು ಹುಡುಗರು ಹಾಕಿಸುತ್ತಾರೆ. ಹೊಗೆ ಶುದ್ಧ ಮಾಡುವ ಜೇನುಗೂಡಿನಂಥ ಜಾಲರಿ ಒಳಗಿಲ್ಲದ ಪೈಪನ್ನು ನಮ್ಮ ಅಂಗಡಿಯಲ್ಲಿ ಹಾಕುವುದಿಲ್ಲ. ಇದರಲ್ಲಿ ಜಾಲರಿ ಇತ್ತು. ಟಾರ್ಚು ಬಿಟ್ಟು ನೋಡಿಯೇ ಒಪ್ಪಿದೆ.

ಮೊದಲ ತೊಂದರೆ ಹಳೆಯದನ್ನು ಬಿಚ್ಚುವಾಗಲೇ ಬಂತು. ಟರ್ಬೊದ ಬಾಯಿಗೆ ಪೈಪನ್ನು ಹಿಡಿದಿರುವ ನಟ್ಟುಗಳು ಬಿಸಿಯಲ್ಲಿ ಬೆಂದು ಬೆಂದು ಕಚ್ಚಿಕೊಂಡಿರುತ್ತವೆ. ಎಣ್ಣೆ ಬಿಟ್ಟು ಕಾಯಬೇಕು. ನಿಮ್ಮ ಮಾವ ಎಣ್ಣೆ ಬಿಟ್ಟ, ಕಾಯಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಎಳೆದ. ಟಕ್ ಎಂದಿತು. ಆ ಶಬ್ದ ಪರದೆಯ ಹಿಂದಿದ್ದ ನನಗೂ ಕೇಳಿಸಿತು. ನಟ್ಟಿನ ಜೊತೆ ಅದು ಕೂರುವ ಸ್ಟಡ್ಡು, ಅಂದರೆ ತಲೆಯಿಲ್ಲದ ಬೋಲ್ಟು ಕೂಡ ಮುರಿದಿತ್ತು.

"ಡ್ರಿಲ್ ಮಾಡ್ತೀನಮ್ಮ," ಅಂದ.

"ಮುಟ್ಟಬೇಡ. ಟರ್ಬೊ ಬಾಯಿ ಹಾಳು ಮಾಡ್ತೀಯ. ಶಟರ್ ಅರ್ಧ ಇಳಿಸು, ನಾನು ಬರ್ತೀನಿ."

ಕಾರಿನವನು ಕಾಫಿಗೆ ಹೋಗಿದ್ದ. ನಿಮ್ಮ ತಾತನ ಹಳೆಯ ಕಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಮುಂದೆ ಬಂದೆ. ಮೊದಲು ಬ್ಯಾಟರಿಯ ವೈರು ಬಿಚ್ಚಿಸಿದೆ, ಇಲ್ಲದಿದ್ದರೆ ವೆಲ್ಡಿಂಗಿನ ಕರೆಂಟು ಕಾರಿನ ಕಂಪ್ಯೂಟರನ್ನು ಸುಟ್ಟುಬಿಡುತ್ತದೆ. ಮುರಿದ ಸ್ಟಡ್ಡು ಕಡಲೆಕಾಳಿನಷ್ಟು ಹೊರಗೆ ಉಳಿದಿತ್ತು. ಅದರ ತಲೆಯ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ಲೋಹ ತುಂಬಿ ಎರಡನ್ನೂ ಬೆಸೆದೆ. ಕೆಂಪು ಆರುವ ತನಕ ಕಾದು, ಸ್ಪ್ಯಾನರ್ ಹಾಕಿ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಆಡಿಸಿದೆ. ಗಟ್ಟಿಯಾದ ಉಪ್ಪಿನಕಾಯಿ ಬಾಟಲಿನ ಮುಚ್ಚಳ ಬಿಡುವ ಹಾಗೆ ಬಿಟ್ಟಿತು. ಮಾವ ಹಲ್ಲು ಕಿರಿದ. ನಾನು ಕಿರಿಯಲಿಲ್ಲ. ನಟ್ಟಿನೊಳಗೆ ಎಣ್ಣೆ ಇಳಿಯಲು ಬಿಟ್ಟಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ಎರಡನೆಯ ತೊಂದರೆ ಹೊಸ ಪೈಪಿನದೇ. ಮೇಲಿನ ಬಾಯಿ ಚೆನ್ನಾಗಿ ಕೂತಿತು. ಕೆಳಗೆ ಬರುತ್ತಾ ಅದರ ಬಾಗು ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಕಂಬಿಗೆ ಒತ್ತಿಕೊಂಡಿತು. ಸ್ಟೇರಿಂಗ್ ಎಡಗಡೆ ಇರುವ ದೇಶದ ಕಾರುಗಳಿಗೆ ಮಾಡಿದ ಪೈಪು ಅದು. ನಮ್ಮ ಕಾರಿನಲ್ಲಿ ಕಂಬಿ ಇರುವ ಜಾಗದಲ್ಲಿ ಅವರ ಕಾರಿನಲ್ಲಿ ಏನೂ ಇರುವುದಿಲ್ಲ. ಡಬ್ಬದ ಮೇಲೆ ಎಲ್ಲ ಕಾರಿಗೂ ಹೊಂದುತ್ತದೆ ಎಂದು ಬರೆದಿದ್ದರಂತೆ. ಬರೆದವನ ಕೈಗೆ ಈ ಪೈಪು ಕೊಟ್ಟು ನಮ್ಮ ಕಾರಿನ ಕೆಳಗೆ ಮಲಗಿಸಬೇಕು ಅನ್ನಿಸಿತು.

ಕತ್ತರಿಸಿ, ಒಂದು ಸಣ್ಣ ಹೋಳು ಸೇರಿಸಿ, ಬಾಗನ್ನು ತಿರುಗಿಸಿ ಕೂರಿಸುವುದೆಂದು ಆಯಿತು. ಕಾರಿನವನೂ ಒಪ್ಪಿದ. ಗಾರ್ಮೆಂಟ್ಸಿನಲ್ಲಿ ತೋಳನ್ನು ಮೈಗೆ ಸೇರಿಸುವಾಗ ಎರಡೂ ಬಟ್ಟೆಗೆ ಗುರುತು ಹಾಕಿರುತ್ತಾರೆ. ಗುರುತಿಗೆ ಗುರುತು ಸೇರಿಸಿ ಹೊಲಿದರೆ ತೋಳು ಸೊಟ್ಟಗಾಗುವುದಿಲ್ಲ. ನಮ್ಮ ಅಂಗಡಿಯಲ್ಲೂ ಅದೇ ಪದ್ಧತಿ. ಮಾವ ಕಾರಿನ ಕೆಳಗೆ ಪೈಪಿನ ತುಂಡುಗಳನ್ನು ಅದರದರ ಜಾಗದಲ್ಲಿ ಹಿಡಿದು, ಬಿಳಿ ಪೇಂಟ್ ಪೆನ್ನಿನಿಂದ ಅಡ್ಡಗೆರೆ ಎಳೆದು ತರಬೇಕು. ನಾನು ಒಳಗೆ ಗೆರೆಗೆ ಗೆರೆ ಸೇರಿಸಿ ಬೆಸೆಯಬೇಕು. ಒಂದು ಎಚ್ಚರ ಬೇಕು. ಗೆರೆ ಎಳೆಯುವಾಗ ಇಂಜಿನ್ನು ತನ್ನ ಪೀಠದ ಮೇಲೆ ಸರಿಯಾಗಿ ಕೂತಿರಬೇಕು. ಕೈ ಆಡಿಸಲು ಜಾಗ ಬೇಕೆಂದು ಇಂಜಿನ್ನಿಗೆ ಕೆಳಗಿಂದ ಜಾಕ್ ಕೊಟ್ಟು ಎತ್ತಿರುತ್ತಾರೆ. ಎತ್ತಿದ ಇಂಜಿನ್ನಿಗೆ ಅಳತೆ ತೆಗೆದರೆ, ಇಳಿಸಿದ ಮೇಲೆ ಆ ಅಳತೆ ಸುಳ್ಳು.

"ಇಂಜಿನ್ ಕೂತಿದೆಯೇನೋ?" ಪರದೆಯ ಹಿಂದಿನಿಂದ ಕೇಳಿದೆ.

"ಕೂತಿದೆಯಮ್ಮ."

ಇದನ್ನು ನೆನಪಿಟ್ಟುಕೊಳ್ಳಿ.

ಹಳೆಯ ಪೈಪಿನಲ್ಲಿ ಬಳೆ ಬಳೆಯಾಗಿ ಮಡಿಸಿದ, ಬಾಗುವ ತುಂಡೊಂದು ಇತ್ತು. ಅದಕ್ಕೆ ಬೆಲ್ಲೋಸ್ ಎನ್ನುತ್ತಾರೆ. ಇಂಜಿನ್ ಅಲುಗಿದರೆ ಅದು ಬಾಗಿಕೊಡುತ್ತದೆ, ಪೈಪಿನ ಮೇಲೆ ಭಾರ ಬೀಳುವುದಿಲ್ಲ. ಹೊಸದರಲ್ಲಿ ಅದಿರಲಿಲ್ಲ. ಒಂದು ಹಾಕೋಣ ಅಂದೆ. "ಸಾರ್‌ಗೆ ಸಂಜೆಗೆ ಗಾಡಿ ಬೇಕಂತೆ ಅಮ್ಮ, ಅದೆಲ್ಲ ಈಗ ಬೇಡ," ಅಂದ. ಪೈಪಿನ ಎರಡು ಕಡೆಯೂ ಮುಚ್ಚಿ, ಒಳಗೆ ಆರ್ಗಾನ್ ಗಾಳಿ ತುಂಬಿದೆ. ಹಾಗೆ ತುಂಬದಿದ್ದರೆ ಸ್ಟೀಲಿನ ಒಳಮೈ ಸುಟ್ಟ ಸಕ್ಕರೆಯ ಹಾಗೆ ಕಪ್ಪಾಗಿ ಗಂಟು ಕಟ್ಟುತ್ತದೆ. ಗೆರೆಗೆ ಗೆರೆ ಸೇರಿಸಿ, ಸುತ್ತಲೂ ನಿಧಾನವಾಗಿ ಬೆಸೆದೆ. ಹೊಲಿಗೆ ಚೆನ್ನಾಗಿ ಬಂದಿತ್ತು. ಈಗ ಅದನ್ನು ನೆನೆದರೆ ಇನ್ನೂ ಸಿಟ್ಟು ಬರುತ್ತದೆ. ಸುಳ್ಳು ಅಳತೆಗೆ ಅಷ್ಟು ಚಂದದ ಹೊಲಿಗೆ ಹಾಕಿದ್ದೆ.

ಇನ್ನು ಊದಿನಕಡ್ಡಿಯ ವಿಷಯ. ನಮ್ಮ ಅಂಗಡಿಯಿಂದ ಯಾವ ಕಾರೂ ಊದಿನಕಡ್ಡಿ ಹಿಡಿಯದೆ ಹೊರಗೆ ಹೋಗುವುದಿಲ್ಲ. ಅದು ನಿಮ್ಮ ತಾತ ಹಾಕಿಕೊಟ್ಟ ಕ್ರಮ. ಜನ ಅದನ್ನು ಪೂಜೆ ಎಂದುಕೊಳ್ಳುತ್ತಿದ್ದರು, ಕೆಲವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ತಾತ ನಗುತ್ತಿದ್ದರೇ ಹೊರತು ತಿದ್ದುತ್ತಿರಲಿಲ್ಲ. ಅದು ಪೂಜೆಯಲ್ಲ, ಪರೀಕ್ಷೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಪೆಟ್ರೋಲ್ ವಾಸನೆ ಎಲ್ಲೂ ಇಲ್ಲವೆಂದು ಮೊದಲು ಮೂಸಿ ನೋಡಬೇಕು. ಆಮೇಲೆ ಸ್ಟಾರ್ಟ್ ಮಾಡಿ, ಇಂಜಿನ್ನಿನ ಫ್ಯಾನು ತಿರುಗುವುದಕ್ಕೆ ಮೊದಲೇ, ಒಂದೊಂದು ಸೇರಿಕೆಯ ಹತ್ತಿರವೂ ಕಡ್ಡಿ ಹಿಡಿಯಬೇಕು. ಹೊಗೆ ನೇರ ಮೇಲೆದ್ದರೆ ಸೇರಿಕೆ ಭದ್ರ. ಯಾರೋ ಉಫ್ ಎಂದು ಊದಿದ ಹಾಗೆ ಪಕ್ಕಕ್ಕೆ ಹಾರಿದರೆ ಅಲ್ಲಿ ಸೋರಿಕೆ. ಬಿಸಿಯಾದರೆ ಲೋಹ ಹಿಗ್ಗಿ ಸಣ್ಣ ಸೋರಿಕೆ ಮುಚ್ಚಿಕೊಳ್ಳುತ್ತದೆ, ಅದಕ್ಕೇ ತಣ್ಣಗಿರುವಾಗ ನೋಡಬೇಕು. "ಬೇರೆ ಕೆಲಸದಲ್ಲಿ ತಪ್ಪಾದ್ರೆ ಗಾಡಿ ನಿಲ್ಲುತ್ತೆ. ನಮ್ಮ ಕೆಲಸದಲ್ಲಿ ತಪ್ಪಾದ್ರೆ ಗಾಡಿ ಓಡ್ತಾನೇ ಇರುತ್ತೆ, ಒಳಗಿರೋರು ನಿದ್ದೆ ಹೋಗ್ತಾರೆ," ಎನ್ನುತ್ತಿದ್ದರು ನಿಮ್ಮ ತಾತ.

ಆ ಸಂಜೆ ನಾನು ಒಳಗೆ ಕೈ ತೊಳೆಯುತ್ತಿದ್ದೆ. ಊದಿನಕಡ್ಡಿಯ ವಾಸನೆ ಬಂತು. ಆಮೇಲೆ ಇಂಜಿನ್ ಸದ್ದು, ಕಾರಿನವನ ಕೇಕೆ. "ಸಖತ್ ಗುರು! ಕೇಳಿಸ್ಕೊ ಸೌಂಡು!" ಪರೀಕ್ಷೆ ಆಯಿತು, ಕಾರು ಹೋಯಿತು ಎಂದುಕೊಂಡೆ. ವಾಸನೆ ಮೊದಲು ಬಂದು ಸದ್ದು ಆಮೇಲೆ ಬಂದದ್ದು ಆಗ ನನ್ನ ತಲೆಗೆ ಹೋಗಲಿಲ್ಲ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅದೇ ಕಾರು ಮತ್ತೆ ಬಂತು.

"ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಟಿಕ್ ಟಿಕ್ ಅನ್ನುತ್ತೆ ಗುರು. ಸ್ವಲ್ಪ ದೂರ ಹೋದ್ರೆ ನಿಂತೋಗುತ್ತೆ."

"ಹೊಸ ಪೈಪಲ್ವಾ ಸಾರ್, ಸೆಟ್ ಆಗ್ಬೇಕು. ನೋಡ್ತೀನಿ, ಹತ್ತು ನಿಮಿಷ."

ಆ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಒಬ್ಬರು ಹೆಂಗಸು ನಿಂತಿದ್ದರು. ನನ್ನದೇ ವಯಸ್ಸು. ಕಾರಿನವನ ತಾಯಿ.

"ರೀ, ಒಂದು ಲೋಟ ನೀರು ಕೊಡ್ತೀರಾ? ಮಾತ್ರೆ ನುಂಗ್ಬೇಕು."

ಕೂರಿಸಿ ನೀರು ಕೊಟ್ಟೆ. ಏನು ಮಾತ್ರೆ ಎಂದು ಕೇಳಲೂ ಸಂಕೋಚ. ಅವರೇ ಹೇಳಿದರು.

"ತಲೆನೋವಿಗೆ. ಈ ಕಾರು ಹತ್ತಿದ್ರೆ ಸಾಕು, ಶುರುವಾಗುತ್ತೆ. ಸಿಗ್ನಲಲ್ಲಿ ನಿಂತ್ರಂತೂ ತಲೆ ಒಡ್ದೋಗೋ ಹಾಗಾಗುತ್ತೆ. ಮೊನ್ನೆ ಬಿಟಿಎಂ ಕಡೆಯಿಂದ ಬರೋವಾಗ ವಾಂತಿನೂ ಆಯ್ತು. ನನ್ ಮಗ ಹೇಳ್ತಾನೆ, ನಿಂಗೆ ಎಸಿ ಒಗ್ಗಲ್ಲಮ್ಮ ಅಂತ. ನಾಲ್ಕು ವರ್ಷದಿಂದ ಇದೇ ಕಾರಲ್ಲಿ ಓಡಾಡ್ತಿದೀನಿ ಕಣ್ರೀ, ಎಸಿ ಏನು ಈಗ ಹಾಕ್ಸಿದ್ನಾ?"

"ಮತ್ತೆ ಯಾರಿಗಾದರೂ ಹೀಗೆ ಆಗುತ್ತಾ?" ನನ್ನ ದನಿ ನನಗೇ ಕೇಳಿಸದಷ್ಟು ಮೆಲ್ಲಗಿತ್ತು.

"ಮೊಮ್ಮಗಳು ಹಿಂದೆ ಕೂತ್ರೆ ನಿದ್ದೆ ಮಾಡ್ಬಿಡ್ತಾಳೆ. ಮೊದ್ಲೆಲ್ಲ ಕಾರಲ್ಲಿ ಒಂದೇ ಸಮ ವಟವಟ ಅಂತಿದ್ಳು. ಈಗ ಎಬ್ಬಿಸಿದ್ರೂ ಏಳಲ್ಲ. ಒಳ್ಳೇದೇ ಆಯ್ತು ಅಂತಾನೆ ನನ್ ಮಗ. ನಾಳೆ ಬೆಳಿಗ್ಗೆ ಚಿತ್ರದುರ್ಗಕ್ಕೆ ಹೊರಟಿದೀವಿ, ನನ್ ತಂಗಿ ಮನೆಗೆ. ಅಷ್ಟು ದೂರ ಈ ತಲೆ ಇಟ್ಕೊಂಡು ಹೇಗೆ ಕೂರ್ತೀನೋ."

ಲೋಟ ತೆಗೆದುಕೊಳ್ಳಲು ಬಗ್ಗಿದೆ. ಅವರ ಸೆರಗಿನಿಂದ ಒಂದು ವಾಸನೆ ಬಂತು. ಪ್ರತಿ ಸಂಜೆ ನಾನು ಕೆಲಸದ ಸೀರೆ ಬಿಚ್ಚಿ ಒಗೆಯಲು ಹಾಕುವಾಗ ಬರುವ ವಾಸನೆ ಅದು. ಸುಟ್ಟ ಪೆಟ್ರೋಲಿನ ಹೊಗೆ. ಸೈಲೆನ್ಸರ್ ಅಂಗಡಿಯವಳ ಸೀರೆಯಲ್ಲಿ ಅದು ಇರಬಹುದು. ಜಯನಗರದಿಂದ ಕಾರಿನಲ್ಲಿ ಕೂತು ಬಂದವರ ಸೀರೆಯಲ್ಲಿ ಯಾಕೆ ಇರಬೇಕು?

ಡೌನ್‌ಪೈಪಿನಿಂದ ಹೊಗೆ ಸೋರಿದರೆ ಬಾನೆಟ್ಟಿನ ಕೆಳಗೆ ತುಂಬುತ್ತದೆ. ಮುಂದಿನ ಗಾಜಿನ ಬುಡದಲ್ಲಿ ಕಾರು ಹೊರಗಿನ ಗಾಳಿ ಎಳೆದುಕೊಳ್ಳುವ ಕಂಡಿ ಇರುತ್ತದೆ. ಕಾರು ಓಡುತ್ತಿದ್ದರೆ ಹೊಗೆ ಚದುರುತ್ತದೆ, ಸಿಗ್ನಲ್ಲಿನಲ್ಲಿ ನಿಂತರೆ ಆ ಕಂಡಿಯಿಂದ ಒಳಗೆ ಬರುತ್ತದೆ. ಆ ಹೊಗೆಯೊಳಗಿನ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ಮೊದಲು ತಲೆನೋವು ಕೊಡುತ್ತದೆ, ಆಮೇಲೆ ವಾಂತಿ, ಆಮೇಲೆ ನಿದ್ದೆ. ಮಗುವಿಗೆ ನಿದ್ದೆ ಮೊದಲೇ ಬರುತ್ತಿತ್ತು.

ನಾನು ಪರದೆ ಸರಿಸಿ ಮುಂದೆ ಬಂದೆ. ಕಾಕಿ ಅಂಗಿಯೂ ಇರಲಿಲ್ಲ, ಶಟರೂ ಇಳಿದಿರಲಿಲ್ಲ. ನಿಮ್ಮ ಮಾವ ಕಾರಿನ ಕೆಳಗಿನಿಂದ ಏಳುತ್ತಿದ್ದ. ಅವನ ಬೆರಳಲ್ಲೆಲ್ಲ ಬೂದು ಬಣ್ಣದ ಪೇಸ್ಟು. ಪಕ್ಕದಲ್ಲಿ ಅದರ ಡಬ್ಬಿ. ಸೈಲೆನ್ಸರಿನ ಹಿಂಬದಿಯಲ್ಲಿ ಸಣ್ಣ ತೂತಿದ್ದರೆ ತಾತ್ಕಾಲಿಕವಾಗಿ ಮೆತ್ತುವ ಪೇಸ್ಟು ಅದು. ಟರ್ಬೊ ಹತ್ತಿರದ ಬಿಸಿಗೆ ಒಂದೇ ದಿನದಲ್ಲಿ ಒಣಗಿ, ಸೀಳಿ, ಉದುರಿಹೋಗುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತು.

"ಆಯ್ತು ಸಾರ್. ಈಗ ಕೇಳಿ, ಟಿಕ್ ಟಿಕ್ ಇಲ್ಲ," ಎನ್ನುತ್ತಿದ್ದ. ಬಿಸಿ ಇಂಜಿನ್ನಿನಲ್ಲಿ ಅದು ಹೇಗೂ ಇರುವುದಿಲ್ಲ.

"ಎಲ್ಲಿಗೆ ಮೆತ್ತಿದೆ?" ಅಂದೆ.

"ಅಮ್ಮ, ಒಳಗೆ ಹೋಗು. ಕಸ್ಟಮರ್ ಇದಾರೆ."

ನಲವತ್ತು ವರ್ಷ ನನ್ನಷ್ಟಕ್ಕೆ ನಾನೇ ಒಳಗೆ ಹೋದವಳು ನಾನು. ಒಳಗೆ ಹೋಗು ಎಂದು ನನಗೆ ಯಾರೂ ಹೇಳಬೇಕಾಗಿ ಬಂದಿರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಕಾಲು ಕಾರಿನ ಕಡೆ ನಡೆಯಿತು. ಬಾಗಿಲು ತೆರೆದಿತ್ತು, ಕೀ ಅದರಲ್ಲೇ ಇತ್ತು. ಇಂಜಿನ್ ಆರಿಸಿ, ಕೀ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ.

ಕಾರಿನವನು ನಗುತ್ತಲೇ ಕೇಳಿದ, "ಆಂಟಿ, ಏನು ಮಾಡ್ತಿದೀರಾ? ಯಾರು ನೀವು?"

"ಇದನ್ನ ಬೆಸೆದಿದ್ದು ನಾನು. ವೆಲ್ಡರು."

ಅವನು ನಿಮ್ಮ ಮಾವನ ಮುಖ ನೋಡಿದ. ಮಾವ ನೆಲ ನೋಡಿದ.

"ಈ ಗಾಡಿ ತಣ್ಣಗಾಗೋ ತನಕ ಇಲ್ಲಿಂದ ಹೋಗಲ್ಲ. ನಿಮ್ಮ ತಾಯಿಗೆ ತಲೆನೋವು ಎಸಿಯಿಂದ ಬಂದಿದ್ದಲ್ಲ."

"ಅಯ್ಯೋ ಆಂಟಿ, ನಾಳೆ ಬೆಳಿಗ್ಗೆ ಊರಿಗೆ ಹೊರಡ್ಬೇಕು ನಾವು. ಕೀ ಕೊಡಿ ಪ್ಲೀಸ್. ಬಂದ್ಮೇಲೆ ನಿಧಾನಕ್ಕೆ ನೋಡೋಣ."

"ಬಂದ್ಮೇಲೆ ಅಂತ ಹೇಗೆ ಹೇಳ್ತೀರಿ?" ಅಂದೆ. ಕೂಗಲಿಲ್ಲ. "ನಿಮ್ಮ ಮಗಳು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಾಳಂತಲ್ಲ. ಅದು ನಿದ್ದೆ ಅಲ್ಲ."

ಆಗ ಅವನ ನಗು ನಿಂತಿತು.

ಬಾನೆಟ್ ಎತ್ತಿ, ಟೇಬಲ್ ಫ್ಯಾನ್ ಇಟ್ಟು ಕಾದೆವು. ಕಾರಿನವನ ತಾಯಿಗೆ ಅನ್ನ ಸಾರು ಬಡಿಸಿದೆ, ಅವನಿಗೂ ಕೊಟ್ಟೆ. ನಿಮ್ಮ ಮಾವನನ್ನು ಕರೆಯಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೈಪಿನ ಮೇಲೆ ಅಂಗೈ ಇಡುವಷ್ಟು ತಣ್ಣಗಾಯಿತು. ದೇವರ ಗೂಡಿನಿಂದ ಒಂದು ಊದಿನಕಡ್ಡಿ ತಂದೆ. ಈಗಿನ ಕಾರುಗಳ ಇಂಜಿನ್ ಸುತ್ತ ಕೈ ತೂರುವಷ್ಟೂ ಜಾಗವಿಲ್ಲ. ಉದ್ದದ ವೆಲ್ಡಿಂಗ್ ಕಡ್ಡಿಯೊಂದನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಅದರ ತುದಿಗೆ ಊದಿನಕಡ್ಡಿಯನ್ನು ತಂತಿಯಿಂದ ಕಟ್ಟಿದೆ. ಬಗ್ಗಿ ಪೆಟ್ರೋಲ್ ವಾಸನೆ ನೋಡಿದೆ, ಇರಲಿಲ್ಲ. ಗಂಟು ಬಿಚ್ಚಿ, ಕೀಯನ್ನು ಕಾರಿನವನ ಕೈಗೆ ಕೊಟ್ಟೆ.

"ನೀವೇ ಸ್ಟಾರ್ಟ್ ಮಾಡಿ."

ಟಿಕ್ ಟಿಕ್ ಟಿಕ್ ಎಂದಿತು. ಕಡ್ಡಿ ಹಚ್ಚಿ ಹಿಡಿದೆ. ಮೇಲಿನ ಬಾಯಿಯ ಹತ್ತಿರ ಹೊಗೆ ನೇರವಾಗಿತ್ತು. ನನ್ನ ಹೊಲಿಗೆಯ ಸುತ್ತಲೂ ನೇರವಾಗಿತ್ತು. ಕೆಳಗೆ, ಹೊಸ ಪೈಪು ಹಳೆಯ ಪೈಪಿಗೆ ಸೇರುವ ಫ್ಲೇಂಜಿನ ಹತ್ತಿರ, ಅಂದರೆ ಎರಡು ತಟ್ಟೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಜಾಗದಲ್ಲಿ, ಹೊಗೆ ಸರಕ್ಕನೆ ಅಡ್ಡಕ್ಕೆ ಹಾರಿತು. ಟಿಕ್ ಎಂದಾಗಲೆಲ್ಲ ಹಾರುತ್ತಿತ್ತು. ಮೆತ್ತಿದ ಪೇಸ್ಟಿನ ಒಂದು ಚೂರು ನಮ್ಮ ಕಣ್ಣ ಮುಂದೆಯೇ ಉದುರಿತು. ಕಾರಿನವನ ತಾಯಿ ನನ್ನ ಪಕ್ಕ ಬಗ್ಗಿ ನೋಡುತ್ತಿದ್ದರು.

"ಇದೇನಾ ನನ್ ತಲೆನೋವು?"

"ಇದೇ."

ಅವರು ಮಗನ ಕಡೆ ತಿರುಗಿದರು. "ಎಸಿ ಅಂತೆ ಎಸಿ! ಬಾ, ಬಂದು ನೋಡು ನಿನ್ನ ಎಸೀನ!"

ಅವನು ಬಂದು ನೋಡಿದ. ಆಮೇಲೆ ನಿಮ್ಮ ಮಾವನಿಗೆ ಕೇಳಿದ, "ಅವತ್ತು ನೀನು ಊದಿನಕಡ್ಡಿ ಹಿಡಿದಾಗ ಇದು ಕಾಣ್ಸಿಲ್ವಾ? ನಾನು ವಿಡಿಯೋ ಮಾಡ್ದೆನಲ್ಲ."

"ಎಲ್ಲಿ, ತೋರಿಸಿ," ಅಂದೆ.

ತೋರಿಸಿದ. ನಿಮ್ಮ ಮಾವ ಮುಚ್ಚಿದ ಬಾನೆಟ್ಟಿನ ಮುಂದೆ ನಿಂತು, ಊದಿನಕಡ್ಡಿಯನ್ನು ಮೂರು ಸುತ್ತು ತಿರುಗಿಸಿ, ನಂಬರ್ ಪ್ಲೇಟಿನ ಸಂದಿಗೆ ಸಿಕ್ಕಿಸಿ, ಕ್ಯಾಮೆರಾ ನೋಡಿ ಕೈಮುಗಿಯುತ್ತಿದ್ದ. ಇಂಜಿನ್ ಆಫಾಗಿತ್ತು.

ಮಕ್ಕಳೇ, ಆ ಹೊತ್ತು ನನಗೆ ಬಂದ ಕೋಪವನ್ನು ಬರೆಯಲು ಬರುವುದಿಲ್ಲ. ಪೇಸ್ಟು ಮೆತ್ತಿದ್ದಕ್ಕೂ ಅಷ್ಟು ಬಂದಿರಲಿಲ್ಲ. ನಿಮ್ಮ ತಾತ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡು, ಕಡ್ಡಿಯಿಂದ ಕೈ ಸುಟ್ಟುಕೊಂಡು ಮಾಡುತ್ತಿದ್ದ ಪರೀಕ್ಷೆಯನ್ನು ಈ ಮಗ ಆರತಿ ಮಾಡಿಬಿಟ್ಟಿದ್ದ. ಗೊತ್ತಿಲ್ಲದೆ ಮಾಡಿದ್ದರೆ ಹೇಳಿಕೊಡಬಹುದಿತ್ತು. ಅವನಿಗೆ ತಾತನೇ ಕೈ ಹಿಡಿದು ಕಲಿಸಿದ್ದರು.

"ಅದು ಪೂಜೆ ಅಲ್ಲ ಅಂತ ಗೊತ್ತಮ್ಮ," ಅಂದ ಮಾವ. "ಈಗಿನ ಗಾಡಿಗಳಲ್ಲಿ ಕೈ ಹೋಗಲ್ಲ. ಎಲ್ಲರೂ ಪೂಜೆ ಅಂತಾನೇ ಅಂದ್ಕೋತಾರೆ, ವಿಡಿಯೋ ತೆಗೀತಾರೆ. ಹಾಗೇ ಅಭ್ಯಾಸ ಆಗೋಯ್ತು."

"ಎಷ್ಟು ಗಾಡಿಗೆ ಹೀಗೆ ಮಾಡಿದೀಯ?"

ಅವನು ಬೆರಳಿಗಂಟಿದ ಪೇಸ್ಟನ್ನು ಬಟ್ಟೆಯಿಂದ ಒರೆಸತೊಡಗಿದ.

"ಫ್ಲೇಂಜ್ ಬಿಚ್ಚು," ಅಂದೆ.

ಬೋಲ್ಟು ಸಡಿಲಿಸಿದ್ದೇ ಪೈಪು ತಟ್ಟನೆ ಒಂದು ಬೆರಳಿನಷ್ಟು ಪಕ್ಕಕ್ಕೆ ಜಿಗಿಯಿತು. ಸರಿಯಾಗಿ ಕೂತ ಪೈಪು ಜಿಗಿಯುವುದಿಲ್ಲ. ಎಳೆದು ಕಟ್ಟಿದ್ದು ಮಾತ್ರ ಜಿಗಿಯುತ್ತದೆ. ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಕೇಳುವ ಅಗತ್ಯವೇ ಬೀಳಲಿಲ್ಲ.

"ಜಾಕ್ ಇತ್ತಮ್ಮ," ಅಂದ. "ಇಳಿಸಿ ಗುರುತು ಹಾಕೋಣ ಅಂದ್ಕೊಂಡೆ. ಲೇಟಾಗಿತ್ತು."

"ನಾನು ಕೇಳಿದ್ದೆ."

"ಹೂಂ."

"ಕೂತಿದೆ ಅಂದೆ."

"ಹೂಂ ಅಮ್ಮ."

ಪೈಪನ್ನು ಬಿಚ್ಚಿ ಒಳಗೆ ತಂದು, ನನ್ನ ಹೊಲಿಗೆಯನ್ನೇ ನಾನು ಗ್ರೈಂಡರಿನಿಂದ ಕತ್ತರಿಸಿದೆ. ಇಂಜಿನ್ ಪೀಠದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿಸಿ, ಕೆಳಗೆ ಜಾಕ್ ಇಲ್ಲವೆಂದು ನಾನೇ ಬಗ್ಗಿ ನೋಡಿದೆ. ಗುರುತನ್ನೂ ಈ ಸಲ ನಾನೇ ಹಾಕಿದೆ, ಪರದೆಯ ಮುಂದೆ, ಎಲ್ಲರ ಎದುರಿಗೆ, ಕಾರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ. ಬೆಲ್ಲೋಸ್ ತುಂಡು ತರಲು ನಿಮ್ಮ ಮಾವನನ್ನು ಅಟ್ಟಿದೆ. ಅದನ್ನು ಸೇರಿಸಿ ಮತ್ತೆ ಸುತ್ತ ಬೆಸೆದೆ. ಎರಡು ತಟ್ಟೆಗಳ ನಡುವೆ ಹಾಕುವ ಹಳೆಯ ಗ್ಯಾಸ್ಕೆಟ್ಟು ಅಪ್ಪಚ್ಚಿಯಾಗಿತ್ತು, ಹೊಸದು ಹಾಕಿಸಿದೆ. ಕೆಳಗಿನ ಫ್ಲೇಂಜು ಈಗ ಬೋಲ್ಟು ಇಲ್ಲದೆಯೂ ಎದುರಿನ ತಟ್ಟೆಗೆ ಸರಿಯಾಗಿ ಮುಖ ಕೊಟ್ಟು ನಿಂತಿತು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಕಾರನ್ನು ಕೊಡಲಿಲ್ಲ. ಬೆಳಗಾಗುವ ತನಕ ತಣ್ಣಗಾಗಲಿ, ಇಲ್ಲಿಂದಲೇ ಊರಿಗೆ ಹೊರಡಿ ಅಂದೆ. ತಾಯಿ ಮಗ ಆಟೋದಲ್ಲಿ ಹೋದರು.

ಮಾರನೆಯ ಬೆಳಿಗ್ಗೆ ಬ್ಯಾಗು, ಬುತ್ತಿ, ಮೊಮ್ಮಗಳ ಸಮೇತ ಬಂದಿಳಿದರು. ಮಂಜು ಬಿದ್ದು ಬಾನೆಟ್ಟು ತಣ್ಣಗೆ ಕೊರೆಯುತ್ತಿತ್ತು. ಕೊಕ್ಕೆ ಕಡ್ಡಿಯನ್ನು ಈ ಸಲ ನಿಮ್ಮ ಮಾವನ ಕೈಗೆ ಕೊಟ್ಟು, ನಾನು ಪಕ್ಕದಲ್ಲಿ ನಿಂತೆ. ಇಂಜಿನ್ ಶುರುವಾಯಿತು. ಅವನು ಒಂದೊಂದೇ ಸೇರಿಕೆಗೆ ಹಿಡಿದ. ಅವಸರಪಟ್ಟಾಗ "ಅಲ್ಲಿ ಇನ್ನೊಂದ್ಸಲ" ಅಂದೆ. ಹೊಗೆ ಎಲ್ಲ ಕಡೆಯೂ ನೂಲಿನ ಹಾಗೆ ನೇರ ಎದ್ದಿತು. ಟಿಕ್ ಟಿಕ್ ಇರಲಿಲ್ಲ.

ಆದರೂ ಕಾರಿನವನ ತಾಯಿ ಕಾರು ಹತ್ತಲಿಲ್ಲ. "ನೀವೂ ಬನ್ನಿ. ಸಿಗ್ನಲ್ ತನಕ. ನೀವು ಕೂತ್ರೆ ನಾನೂ ಕೂರ್ತೀನಿ," ಅಂದರು.

ಅವರು ಕೇಳಿದ್ದು ನ್ಯಾಯವಾಗಿತ್ತು. ಹಿಂದಿನ ಸೀಟಿನಲ್ಲಿ ನಾವಿಬ್ಬರು, ನಡುವೆ ಆ ಮಗು. ಗಾಜು ಏರಿಸಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಮಾಡಿಸಿ, ಎಸಿ ಹಾಕಿಸಿದೆ. ಬನಶಂಕರಿಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ನಿಂತೆವು. ನಾನು ಉಸಿರು ಎಳೆದು ಎಳೆದು ನೋಡಿದೆ. ಹಸಿರು ಬಂತು, ಇನ್ನೊಂದು ಸುತ್ತು ಹಾಕಿಸಿ ಮತ್ತೆ ಕೆಂಪಿಗೇ ನಿಲ್ಲಿಸಿದೆ. ಅಷ್ಟು ಹೊತ್ತೂ ಆ ಮಗು ಬಾಯಿ ಮುಚ್ಚಲಿಲ್ಲ. ಆ ಬಸ್ಸು ಯಾಕೆ ಹಸಿರು, ಈ ಬಸ್ಸು ಯಾಕೆ ನೀಲಿ, ಈ ಅಜ್ಜಿ ಕೈ ಯಾಕೆ ಕಪ್ಪು, ಚಿತ್ರದುರ್ಗದಲ್ಲಿ ಆನೆ ಇದೆಯಾ.

"ಅಯ್ಯೋ, ಸ್ವಲ್ಪ ಸುಮ್ನಿರೇ ತಾಯಿ," ಅಂದ ಅದರ ಅಪ್ಪ ಮುಂದಿನಿಂದ.

"ಸುಮ್ನಿರು ಅಂದ್ರೆ ನೋಡು!" ಅಂದರು ಅವನ ತಾಯಿ. "ಮಾತಾಡ್ಲಿ ಬಿಡು. ಚಿತ್ರದುರ್ಗದ ತನಕ ಮಾತಾಡ್ಲಿ."

ನನ್ನನ್ನು ಅಂಗಡಿಯ ಮುಂದೆ ಇಳಿಸಿ ಹೋದರು. ಸಂಜೆ ಕಾರಿನವನ ತಾಯಿ ನಿಮ್ಮ ಮಾವನ ಮೊಬೈಲಿಗೆ ಫೋನ್ ಮಾಡಿ, ಅವನ ಜೊತೆ ಮಾತಾಡದೆ, "ವೆಲ್ಡರ್‌ಗೆ ಕೊಡಿ" ಅಂದರಂತೆ. ತಲೆನೋವಿಲ್ಲ, ಮಾತ್ರೆಯನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ ಎಂದರು.

ಆ ವಾರವೆಲ್ಲ ನಿಮ್ಮ ಮಾವನಿಂದ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿಸಿದೆ. ಬೆಳಿಗ್ಗೆ ತಣ್ಣಗಿರುವ ಗಾಡಿ ತನ್ನಿ, ಮತ್ತೆ ನೋಡುತ್ತೇವೆ ಎಂದು. ಒಬ್ಬರು ಬೈದರು, ಇನ್ನೊಬ್ಬರು ನಕ್ಕರು, ಬಹಳ ಜನ ಬಂದರು. ಎರಡು ಗಾಡಿಗಳಲ್ಲಿ ಹೊಗೆ ಪಕ್ಕಕ್ಕೆ ಹಾರಿತು. ಅವೆರಡನ್ನೂ ಅವನೇ ಸರಿಮಾಡಿದ, ನಾನು ನಿಂತು ನೋಡಿದೆ. ಟಾರ್ಪಾಲಿನ ಪರದೆಯನ್ನು ಕಿತ್ತು, ವೆಲ್ಡಿಂಗಿನ ಕಿಡಿ ಕಣ್ಣಿಗೆ ಬೀಳದಷ್ಟು ಮಾತ್ರ ಒಂದು ಮೂಲೆಗೆ ಕಟ್ಟಿಸಿದ್ದೇನೆ. ಈಗ ನಾನು ಕೂತಲ್ಲಿಂದ ಮುಂದಿನ ಕಾರು ಕಾಣುತ್ತದೆ, ಅದರ ಬಾನೆಟ್ಟು ಎತ್ತಿದೆಯೋ ಮುಚ್ಚಿದೆಯೋ ಕಾಣುತ್ತದೆ. ಗಿರಾಕಿಗಳು ನನ್ನನ್ನು ನೋಡುತ್ತಾರೆ. ನನಗೆ ಇನ್ನೂ ಮುಖ ಬಿಸಿಯಾಗುತ್ತದೆ. ಆದರೂ ಅಲ್ಲಿಂದ ಏಳುವುದಿಲ್ಲ.

ಮಾವ ಒಳ್ಳೆಯವನು ಎಂದು ನಿಮ್ಮ ಅಮ್ಮ ಹೇಳುತ್ತಾಳೆ. ಇರಬಹುದು. ಮುಂದಿನ ಸಲ ನೀವು ಬಂದಾಗ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಮಾವ ಯಾವುದಾದರೂ ಕಾರಿಗೆ ಊದಿನಕಡ್ಡಿ ಹಿಡಿಯುವುದು ಕಂಡರೆ ಕೈಮುಗಿಯಬೇಡಿ. ಇಂಜಿನ್ ಶುರುವಾಗಿದೆಯೇ ಎಂದು ಕಿವಿ ಕೊಟ್ಟು ಕೇಳಿ. ಶುರುವಾಗಿರದಿದ್ದರೆ ಜೋರಾಗಿ ನನ್ನನ್ನು ಕೂಗಿ. ನಾನು ಬರುತ್ತೇನೆ.